ಜಾನ್ ಮೆಕ್‌ಲಾಫ್ಲಿನ್ ಗಿಟಾರ್: ಯಾವ ಕಛೇರಿಯಿಂದ ಕೇಳಲು ಶುರು ಮಾಡಬೇಕು?

ತಾಳಮದ್ದಳೆಗೆ ಹೊರಟವರನ್ನು ದಾರಿಯಲ್ಲಿ ಮಾತಾಡಿಸಿ ನೋಡಿ. ಪ್ರಸಂಗದ ಹೆಸರಿಗಿಂತ ಮೊದಲು ಕೃಷ್ಣ ಯಾರದ್ದು, ಕೌರವ ಯಾರದ್ದು ಅನ್ನುವುದನ್ನು ಹೇಳುತ್ತಾರೆ. ಕೃಷ್ಣ ಸಂಧಾನದ ಕತೆ ಎಲ್ಲರಿಗೂ ಗೊತ್ತು, ಅರ್ಧ ಸಭೆಗೆ ಪದ್ಯಗಳೂ ಬಾಯಿಪಾಠ. ಈ ಇಬ್ಬರು ಅರ್ಥಧಾರಿಗಳು ಎದುರುಬದುರು ಕೂತರೆ ಇವತ್ತಿನ ಮಾತು ಎಲ್ಲಿಗೆ ಹೋಗುತ್ತದೆ ಅನ್ನುವುದೊಂದೇ ಯಾರಿಗೂ ಗೊತ್ತಿಲ್ಲದ್ದು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಆಷಾಢದ ಮಳೆಯಲ್ಲೂ ಕೊಡೆ ಹಿಡಿದು ಜನ ಕೂಟಕ್ಕೆ ಬರುವುದು ಆ ಜೋಡಿಯ ಆಸೆಗೆ.

ಜಾಝ್ ಕಛೇರಿಯನ್ನೂ ಹೀಗೇ ಆರಿಸಿಕೊಳ್ಳಬೇಕು ಅನ್ನುವುದು ಇಪ್ಪತ್ತು ವರ್ಷ ಕೇಳಿದ ಮೇಲೆ ನನಗೆ ಗಟ್ಟಿಯಾಗಿರುವ ಮಾತು. ಅಲ್ಲೂ ರಾಗದಂಥ, ಪದ್ಯದಂಥ ಒಂದು ಗೊತ್ತಿರುವ ಸ್ವರಮಾಲೆ ಇರುತ್ತದೆ. ಅದನ್ನು ಒಮ್ಮೆ ನುಡಿಸಿ ತೋರಿಸಿದ ಮೇಲೆ ಉಳಿದದ್ದೆಲ್ಲ ಆಗಿಂದಾಗ ಹುಟ್ಟುವ ಅರ್ಥಗಾರಿಕೆ. ಎದುರಿಗೆ ಕೂತವರು ಗಟ್ಟಿ ಇದ್ದರೆ ಮಾತು ಏರುತ್ತದೆ, ಇಲ್ಲದಿದ್ದರೆ ಒಬ್ಬರೇ ಒದರಿದಂತಾಗುತ್ತದೆ. ಜಾನ್ ಮೆಕ್‌ಲಾಫ್ಲಿನ್ ವಿಷಯದಲ್ಲಂತೂ ಈ ಅಳತೆಗೋಲನ್ನು ಬಿಟ್ಟರೆ ಬೇರೆ ದಾರಿ ಕಾಣುವುದಿಲ್ಲ. ಇಷ್ಟು ಬೇರೆ ಬೇರೆ ಜನರ ಎದುರು ಕೂತು ನುಡಿಸಿದ ಗಿಟಾರ್ ವಾದಕ ಜಾಝ್‌ನಲ್ಲಿ ಇನ್ನೊಬ್ಬ ಸಿಗುವುದು ಕಷ್ಟ.

ಶಿವಮೊಗ್ಗದಲ್ಲಿ ಗಿಟಾರ್ ಕಲಿಯುವ ಹುಡುಗರು, ಕರ್ನಾಟಕ ಸಂಗೀತದ ಪಾಠಕ್ಕೆ ಹೋಗುವವರು, ಮೃದಂಗ ಹಿಡಿದವರು, ಮೂರೂ ಬಗೆಯವರು ನನ್ನನ್ನು ಕೇಳಿದ್ದಾರೆ: ಇವರನ್ನು ಕೇಳಬೇಕು, ಎಲ್ಲಿಂದ ಶುರು ಮಾಡಲಿ? ಮೂವರಿಗೂ ಒಂದೇ ಉತ್ತರ ಕೊಟ್ಟರೆ ಇಬ್ಬರಿಗೆ ಮೋಸವಾಗುತ್ತದೆ. ಅದಕ್ಕೇ ಈ ಹೋಲಿಕೆ.

ಐವತ್ತೈದು ವರ್ಷದ ದಾರಿ, ಬೇಗನೆ

ಮೆಕ್‌ಲಾಫ್ಲಿನ್ ಹುಟ್ಟಿದ್ದು 1942ರ ಜನವರಿ 4ರಂದು, ಇಂಗ್ಲೆಂಡಿನ ಯಾರ್ಕ್‌ಶೈರ್ ಪ್ರಾಂತ್ಯದ ಡಾನ್‌ಕಾಸ್ಟರ್‌ನಲ್ಲಿ. ತಾಯಿ ಪಿಟೀಲು ನುಡಿಸುತ್ತಿದ್ದರು. ಲಂಡನ್ನಿನಲ್ಲಿ ಹಲವು ತಂಡಗಳ ಜೊತೆ ದುಡಿದು, 1969ರಲ್ಲಿ 'ಎಕ್ಸ್‌ಟ್ರಾಪೊಲೇಶನ್' ಅನ್ನುವ ಮೊದಲ ಆಲ್ಬಂ ಧ್ವನಿಮುದ್ರಿಸಿ, ಅದೇ ವರ್ಷ ಡ್ರಮ್ಮರ್ ಟೋನಿ ವಿಲಿಯಮ್ಸ್ ಕರೆದರೆಂದು ನ್ಯೂಯಾರ್ಕಿಗೆ ಹೋದರು. ಹೋದ ಕೆಲವೇ ದಿನಗಳಲ್ಲಿ ಜಾಝ್‌ನ ಹೆಸರಾಂತ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಇವರನ್ನು ಸ್ಟುಡಿಯೋಗೆ ಕರೆಸಿಕೊಂಡರು. ಗಿಟಾರ್ ನುಡಿಸಲು ಬಾರದವನ ಹಾಗೆ ನುಡಿಸು ಎಂದು ಮೈಲ್ಸ್ ಆ ದಿನ ಹೇಳಿದ್ದನ್ನು ಮೆಕ್‌ಲಾಫ್ಲಿನ್ ಎಷ್ಟೋ ಸಂದರ್ಶನಗಳಲ್ಲಿ ನೆನೆಸಿಕೊಂಡಿದ್ದಾರೆ. 'ಇನ್ ಎ ಸೈಲೆಂಟ್ ವೇ', 'ಬಿಚಸ್ ಬ್ರೂ' ಎರಡರಲ್ಲೂ ಅವರಿದ್ದಾರೆ. ಎರಡನೆಯದರಲ್ಲಿ ಒಂದು ತುಣುಕಿನ ಹೆಸರೇ 'ಜಾನ್ ಮೆಕ್‌ಲಾಫ್ಲಿನ್'.

1971ರಲ್ಲಿ ಮಹಾವಿಷ್ಣು ಆರ್ಕೆಸ್ಟ್ರಾ, 1975ರ ಹೊತ್ತಿಗೆ ಭಾರತೀಯ ವಾದಕರನ್ನು ಕೂಡಿಸಿಕೊಂಡ ಶಕ್ತಿ ತಂಡ, 1980ರಲ್ಲಿ ಮೂರು ಗಿಟಾರ್‌ಗಳ ಕೂಟ, ಆಮೇಲೆ ಸಣ್ಣ ಸಣ್ಣ ತಂಡಗಳು, 1997ರಲ್ಲಿ ಮತ್ತೆ ಶಕ್ತಿಯ ಕಡೆಗೆ. 2024ರ ಫೆಬ್ರವರಿಯಲ್ಲಿ ಶಕ್ತಿಯ 'ದಿಸ್ ಮೊಮೆಂಟ್' ಆಲ್ಬಮ್ಮಿಗೆ ಗ್ರ್ಯಾಮಿ ಬಂದಾಗ ಅವರಿಗೆ 82 ವರ್ಷ.

ಇಷ್ಟರಲ್ಲಿ ನಾನು ಇಲ್ಲಿ ತೂಗಿ ನೋಡುವುದು ಜನರ ಮುಂದೆ ನುಡಿಸಿದ್ದನ್ನು ಮಾತ್ರ. ಯಾಕೆಂದು ತಿಳಿಯಬೇಕಾದರೆ ಒಂದು ಪರೀಕ್ಷೆ ಮಾಡಬಹುದು. ಮಹಾವಿಷ್ಣು ತಂಡ 1973ರಲ್ಲಿ ಲಂಡನ್ನಿನ ಟ್ರೈಡೆಂಟ್ ಸ್ಟುಡಿಯೋದಲ್ಲಿ ಒಂದು ಆಲ್ಬಂ ಮಾಡಿತು. ತಂಡದೊಳಗೆ ಮನಸ್ತಾಪವಾಗಿ ಅದು ಹೊರಗೆ ಬರಲಿಲ್ಲ, 1999ರ ತನಕ ಹಾಗೇ ಬಿದ್ದಿತ್ತು. ಅದರ ಬದಲು ಅದೇ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಬಯಲಲ್ಲಿ ನುಡಿಸಿದ್ದನ್ನು ಬಿಡುಗಡೆ ಮಾಡಿದರು. ಎರಡರಲ್ಲೂ 'ಡ್ರೀಮ್' ಅನ್ನುವ ಒಂದೇ ರಚನೆ ಇದೆ. ಸ್ಟುಡಿಯೋದಲ್ಲಿ ಸುಮಾರು 11 ನಿಮಿಷ, ಬಯಲಿನಲ್ಲಿ 21. ಹೆಚ್ಚಾದ ಹತ್ತು ನಿಮಿಷದಲ್ಲಿ ಏನಾಗಿದೆ ಅನ್ನುವುದನ್ನು ಒಂದಾದ ಮೇಲೆ ಒಂದು ಹಾಕಿ ಕೇಳಿದರೆ ಸ್ಟುಡಿಯೋ ಮತ್ತು ಕಛೇರಿಯ ನಡುವಿನ ಅಂತರ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅರ್ಥ ಬರೆದುಕೊಂಡು ಓದುವುದಕ್ಕೂ ಕೂಟದಲ್ಲಿ ಕೂತು ಹೇಳುವುದಕ್ಕೂ ಇರುವಷ್ಟೇ ಅಂತರ ಅದು.

ಮೊದಲು ಯಾವುದು ಬೇಡ

ಹೆಚ್ಚಿನ ಕಡೆ ಹೇಳುವುದು ಮಹಾವಿಷ್ಣುವಿನಿಂದಲೇ ಶುರು ಮಾಡಿ ಅಂತ. ನನಗೂ ಹಾಗೇ ಹೇಳಿದ್ದರು. ಬಿಲ್ಲಿ ಕಾಬಮ್ ಡ್ರಮ್ಸ್, ಜೆರ್ರಿ ಗುಡ್‌ಮನ್ ಪಿಟೀಲು, ಯಾನ್ ಹ್ಯಾಮರ್ ಕೀಬೋರ್ಡ್, ರಿಕ್ ಲೇರ್ಡ್ ಬಾಸ್, ನಡುವೆ ಎರಡು ಕತ್ತಿನ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಬಿಳಿ ಬಟ್ಟೆಯಲ್ಲಿ ನಿಂತ ಮೆಕ್‌ಲಾಫ್ಲಿನ್. ಗುರು ಶ್ರೀ ಚಿನ್ಮಯ್ ಕೊಟ್ಟ ಹೆಸರೇ ಮಹಾವಿಷ್ಣು. ತಂಡಕ್ಕೂ ಅದೇ ಹೆಸರಾಯಿತು. ಸೆಂಟ್ರಲ್ ಪಾರ್ಕಿನ 'ಬಿಟ್ವೀನ್ ನಥಿಂಗ್‌ನೆಸ್ ಅಂಡ್ ಎಟರ್ನಿಟಿ' ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ರಾಕ್ ಸಂಗೀತದ ಅಬ್ಬರಕ್ಕೆ ಕಿವಿ ಪಳಗಿದವರಿಗೆ ಮಾತ್ರ ಮೊದಲ ಬಾಗಿಲು. ಹಂಚಿನ ಮನೆಯ ಜಗಲಿಯಲ್ಲಿ ಕೂತು ಯಕ್ಷಗಾನ, ಭಾವಗೀತೆ, ಭದ್ರಾವತಿ ಆಕಾಶವಾಣಿಯ ಸಂಗೀತ ಕೇಳಿ ಬೆಳೆದ ನನ್ನ ಕಿವಿಗೆ ಆ ಧ್ವನಿವರ್ಧಕಗಳ ಗೋಡೆ ದಾಟಿ ಒಳಗೆ ನಡೆಯುತ್ತಿದ್ದ ಸಂಭಾಷಣೆ ಕೇಳಿಸಲೇ ಇಲ್ಲ. ಪೂರಾ ಒಂದು ವರ್ಷ ಮೆಕ್‌ಲಾಫ್ಲಿನ್ ನನಗಲ್ಲ ಅಂದುಕೊಂಡು ಬಿಟ್ಟುಬಿಟ್ಟಿದ್ದೆ. ಈ ನಷ್ಟ ಇನ್ನೊಬ್ಬರಿಗೆ ಆಗದಿರಲಿ ಅನ್ನುವುದೇ ಇಷ್ಟು ಬರೆಯುವುದಕ್ಕೆ ಕಾರಣ.

ಎಲೆಕ್ಟ್ರಿಕ್ ಗಿಟಾರ್ ನುಡಿಸುವ ಹುಡುಗರಿಗೆ ಈ ಮಾತು ಅನ್ವಯಿಸುವುದಿಲ್ಲ. ಅವರು ಅಲ್ಲಿಂದಲೇ ಶುರು ಮಾಡಲಿ. ಡಿಸ್ಟಾರ್ಷನ್ ಹಾಕಿದ ಗಿಟಾರಿನಲ್ಲಿ ಅಷ್ಟು ವೇಗದಲ್ಲೂ ಒಂದೊಂದು ಸ್ವರ ಹೇಗೆ ಬಿಡಿಬಿಡಿಯಾಗಿ ಬೀಳುತ್ತದೆ ಅನ್ನುವುದು ಅವರಿಗೆ ಕಲಿಕೆಯ ವಿಷಯ.

ನನ್ನ ಆಯ್ಕೆ: 1975ರ ಜುಲೈ 5

'ಶಕ್ತಿ ವಿತ್ ಜಾನ್ ಮೆಕ್‌ಲಾಫ್ಲಿನ್' ಅನ್ನುವ ಆಲ್ಬಂ ಬಿಡುಗಡೆಯಾದದ್ದು 1976ರಲ್ಲಿ. ಕಛೇರಿ ನಡೆದದ್ದು ಅದರ ಹಿಂದಿನ ವರ್ಷ ಜುಲೈ 5ರಂದು, ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡಿನ ಒಂದು ಕಾಲೇಜಿನಲ್ಲಿ. ಪಿಟೀಲು ಎಲ್. ಶಂಕರ್, ತಬಲಾ ಜಾಕಿರ್ ಹುಸೇನ್, ಘಟ ಟಿ.ಎಚ್. ವಿನಾಯಕರಾಮ್, ಮೃದಂಗ ರಾಮನಾಡ್ ರಾಘವನ್. ಬಾಸ್ ಇಲ್ಲ, ಡ್ರಮ್ಸ್ ಇಲ್ಲ, ಎಲೆಕ್ಟ್ರಿಕ್ ಗಿಟಾರ್ ಇಲ್ಲ. ಎರಡು ವರ್ಷದ ಹಿಂದೆ ಸೆಂಟ್ರಲ್ ಪಾರ್ಕಿನಲ್ಲಿ ಕಿವಿಗಡಚಿಕ್ಕುವಂತೆ ನುಡಿಸಿದ ಮನುಷ್ಯ ಇಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ.

ಇದು ದಿಢೀರ್ ಆದ ಬದಲಾವಣೆಯಲ್ಲ. ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಡಾ. ಎಸ್. ರಾಮನಾಥನ್ ಅವರ ಹತ್ತಿರ ಮೆಕ್‌ಲಾಫ್ಲಿನ್ ವೀಣೆ ಪಾಠ ಹೇಳಿಸಿಕೊಂಡಿದ್ದರು. ವೀಣೆ ಹಿಡಿದವರಿಗೆ ಗಿಟಾರಿನ ಕಷ್ಟ ತಕ್ಷಣ ಗೊತ್ತಾಗುತ್ತದೆ: ವೀಣೆಯಲ್ಲಿ ಮೆಟ್ಟಿಲು ಎತ್ತರ, ತಂತಿಯನ್ನು ಪಕ್ಕಕ್ಕೆ ಎಳೆದು ಗಮಕ ತರಬಹುದು. ಗಿಟಾರಿನಲ್ಲಿ ಬೆರಳು ಒತ್ತಿದ ಕೂಡಲೇ ಮರಕ್ಕೆ ತಾಗುತ್ತದೆ. ಅದಕ್ಕಾಗಿ ಗಿಬ್ಸನ್ ಕಂಪನಿಯ ಮೂಲಕ ಏಬ್ರಹಾಂ ವೆಕ್ಟರ್ ಅನ್ನುವ ಗಿಟಾರ್ ತಯಾರಕರ ಕೈಯಲ್ಲಿ ಅವರು ಬೇರೆಯದೇ ಒಂದು ವಾದ್ಯ ಮಾಡಿಸಿಕೊಂಡರು. ಫ್ರೆಟ್‌ಗಳ, ಅಂದರೆ ಗಿಟಾರಿನ ಮೆಟ್ಟಿಲುಗಳ, ನಡುವಿನ ಮರವನ್ನು ದೋಣಿಯ ಹಾಗೆ ಕೆತ್ತಿ ತೆಗೆದಿದ್ದಾರೆ, ಬೆರಳಿಗೆ ಮರ ಸಿಗುವುದಿಲ್ಲ, ತಂತಿ ಬೇಕಾದಷ್ಟು ಬಾಗುತ್ತದೆ. ಮೇಲಿನ ಆರು ತಂತಿಗಳ ಕೆಳಗೆ, ಗಿಟಾರಿನ ಬಾಯಿಗೆ ಓರೆಯಾಗಿ, ಇನ್ನೂ ಏಳು ತಂತಿ. ಅವು ಶ್ರುತಿಗೆ. ಆಗಾಗ ಅವರು ಆ ಏಳನ್ನೂ ಒಮ್ಮೆ ಸವರಿ ಬಿಡುತ್ತಾರೆ. ಶಾಂತವಾದ ಕಡೆ ಗಮನವಿಟ್ಟು ಕೇಳಿದರೆ ಮುಖ್ಯ ಸ್ವರ ನಿಂತ ಮೇಲೂ ಹಿಂದೆ ಒಂದು ತೆಳು ಝೇಂಕಾರ ಉಳಿದಿರುತ್ತದೆ, ಜಾಗಟೆ ಹೊಡೆದಾದ ಮೇಲೆ ಗರ್ಭಗುಡಿಯಲ್ಲಿ ಉಳಿಯುವ ಹಾಗೆ.

ಮೂರೇ ತುಣುಕು. ಮೊದಲನೆಯದು 'ಜಾಯ್', 18 ನಿಮಿಷ. ಎರಡನೆಯದು 'ಲೋಟಸ್ ಫೀಟ್', ಐದು ನಿಮಿಷಕ್ಕೂ ಕಡಿಮೆ, ಇಡೀ ಕಛೇರಿಯ ತಂಪು ಜಾಗ. ಮೂರನೆಯದಕ್ಕೆ ಒಂದು ಇಡೀ ಸಾಲಿನಷ್ಟು ಉದ್ದದ ಹೆಸರಿದೆ, ಸುಮಾರು 29 ನಿಮಿಷ ನಡೆಯುತ್ತದೆ.

ನಮ್ಮ ದೊಡ್ಡಪ್ಪ ನಲವತ್ತು ವರ್ಷ ತಾಳಮದ್ದಳೆ ಕೂಟಗಳಲ್ಲಿ ಮದ್ದಳೆ ನುಡಿಸಿದವರು. ಒಂದು ಮಳೆಗಾಲ ಎರಡು ದಿನ ಕರೆಂಟ್ ಇರಲಿಲ್ಲ. ಸಂಜೆ ಜಗಲಿಯಲ್ಲಿ ಕೂತಿದ್ದಾಗ ಬ್ಯಾಟರಿ ಸ್ಪೀಕರಿನಲ್ಲಿ 'ಜಾಯ್' ಹಾಕಿದೆ. ಮೊದಲ ಎರಡು ಮೂರು ನಿಮಿಷ ಅವರು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ. ಪಿಟೀಲು, ಗಿಟಾರು ಎರಡೂ ಒಂದೇ ಉಸಿರಿನಲ್ಲಿ ಓಡಿ ಒಂದು ಜಾಗದಲ್ಲಿ ಗಕ್ಕನೆ ನಿಂತವು. ಅಡಕತ್ತರಿ ನಿಂತಿತು. ಎಡಗೈ ಬೆರಳು ತೊಡೆಯ ಮೇಲೆ ಎಣಿಕೆ ಶುರು ಮಾಡಿದವು. ಹನಿ ಜೋರಾಗಿ ಘಟದ ಧ್ವನಿ ಮುಳುಗಿದಾಗ ಸ್ಪೀಕರನ್ನು ತಾವೇ ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಗಿಟಾರಿನವ ಎದುರಿನವರು ಹೇಳಿದ್ದನ್ನ ಪೂರ್ತಿ ಕೇಳಿಸ್ಕೊಂಡು ಆಮೇಲೆ ಬಾಯಿ ಹಾಕ್ತಾನೆ ಮಾರಾಯ. ಅಷ್ಟು ಜೋರು ಕೈ ಇದ್ದವ್ರು ಹಂಗೆ ಕಾಯೋದು ಕಡಿಮೆ" ಅಂದರು. ಜಾಝ್ ಅನ್ನುವ ಪದವನ್ನು ನಾನು ಆ ದಿನ ಅವರಿಗೆ ಹೇಳಿರಲೇ ಇಲ್ಲ.

ಈ ಆಲ್ಬಮ್ಮಿನ ಕೊರತೆಯನ್ನೂ ಹೇಳಿಬಿಡಬೇಕು. ರಾಗವನ್ನು ಆಲಾಪನೆಯಲ್ಲಿ ನಿಧಾನಕ್ಕೆ ಬಿಚ್ಚಿ ನೋಡುವ ರೂಢಿ ಇದ್ದವರಿಗೆ ಇಲ್ಲಿ ಆತುರ ಕಾಣಿಸುತ್ತದೆ. ಕೆಲವು ಕಡೆ ಮೆಕ್‌ಲಾಫ್ಲಿನ್ ಸ್ವರಗಳನ್ನು ಮಳೆಗರೆದಂತೆ ಸುರಿಯುತ್ತಾರೆ, ನಿಂತು ಉಸಿರಾಡಲು ಜಾಗವಿಲ್ಲ. ನಮ್ಮೂರಿನ ಒಬ್ಬ ಸಂಗೀತದ ಮೇಷ್ಟರಿಗೆ 'ಜಾಯ್' ಹಿಡಿಸಲಿಲ್ಲ, ಆದರೆ 'ಲೋಟಸ್ ಫೀಟ್' ಎರಡು ಸಲ ಹಾಕಿಸಿಕೊಂಡು ಕೇಳಿದರು. ಹಾಗಾಗಿ ಹಾಡುವವರಿಗೆ ನಾನು ಹೇಳುವುದು: ಎರಡನೆಯದನ್ನು ಮೊದಲು ಕೇಳಿ. ಲಯದವರು ಮೊದಲನೆಯದರಿಂದಲೇ ಹೊರಡಲಿ.

ಎಲ್ಲರೂ ಹೆಸರು ಹೇಳುವ ಶುಕ್ರವಾರ ರಾತ್ರಿ

'ಫ್ರೈಡೇ ನೈಟ್ ಇನ್ ಸ್ಯಾನ್ ಫ್ರಾನ್ಸಿಸ್ಕೋ' ಬಹುಶಃ ಮೆಕ್‌ಲಾಫ್ಲಿನ್ ಹೆಸರಿನಲ್ಲಿ ಅತಿ ಹೆಚ್ಚು ಜನ ಕೇಳಿರುವ ಧ್ವನಿಮುದ್ರಣ. 1980ರ ಡಿಸೆಂಬರ್ 5ರಂದು ವಾರ್‌ಫೀಲ್ಡ್ ಥಿಯೇಟರಿನಲ್ಲಿ ಮೂವರು ಗಿಟಾರ್ ವಾದಕರು: ಸ್ಪೇನ್‌ನ ಫ್ಲಮೆಂಕೊ ದಿಗ್ಗಜ ಪಾಕೊ ದೆ ಲೂಸಿಯಾ, ಅಮೆರಿಕದ ಆಲ್ ಡಿ ಮಿಯೋಲ, ಮತ್ತು ಇವರು. 1981ರಲ್ಲಿ ಹೊರಬಂತು.

ಇದನ್ನು ಆರಿಸಿಕೊಳ್ಳುವ ಮುಂಚೆ ಒಂದು ವಿಷಯ ಗೊತ್ತಿರಲಿ. ಎಲ್ಲರ ಬಾಯಲ್ಲಿರುವ, ಮೊಬೈಲಿನಲ್ಲಿ ಹಂಚಿಕೊಳ್ಳುವ ಮೊದಲ ತುಣುಕಿದೆಯಲ್ಲ, 'ಮೆಡಿಟರೇನಿಯನ್ ಸನ್‌ಡಾನ್ಸ್', ಅದರಲ್ಲಿ ಮೆಕ್‌ಲಾಫ್ಲಿನ್ ಇಲ್ಲ. ಪಾಕೊ ಮತ್ತು ಡಿ ಮಿಯೋಲ ಇಬ್ಬರೇ. ಅದನ್ನು ಕೇಳಿ "ಮೆಕ್‌ಲಾಫ್ಲಿನ್ ಏನು ಕೈ!" ಎಂದು ಮೆಚ್ಚಿದವರನ್ನು ನಾನೇ ನೋಡಿದ್ದೇನೆ. ಕೊನೆಯ 'ಗಾರ್ಡಿಯನ್ ಏಂಜೆಲ್' ಅವರದೇ ರಚನೆ, ಆದರೆ ಅದು ಸ್ಟುಡಿಯೋದಲ್ಲಿ ಮಾಡಿದ್ದು. ಅಂದರೆ ಐದು ತುಣುಕಿನಲ್ಲಿ ಮೆಕ್‌ಲಾಫ್ಲಿನ್ ಜನರ ಎದುರು ನುಡಿಸಿದ್ದು ನಡುವಿನ ಮೂರರಲ್ಲಿ ಮಾತ್ರ. ಎರಡನೆಯದರಲ್ಲಿ ಡಿ ಮಿಯೋಲ ಜೊತೆ, ಮೂರನೆಯ 'ಫ್ರೆವೊ ರಾಸ್ಗಾದೊ'ದಲ್ಲಿ ಪಾಕೊ ಜೊತೆ, ನಾಲ್ಕನೆಯದರಲ್ಲಿ ಮೂವರೂ.

ನನ್ನ ಮಟ್ಟಿಗೆ ಆಲ್ಬಮ್ಮಿನ ತಿರುಳು ಆ ಮೂರನೆಯದು. ಪಾಕೊ ಬೆರಳಿನಿಂದ ಮೀಟುವವರು, ಮೆಕ್‌ಲಾಫ್ಲಿನ್ ಪಿಕ್ ಹಿಡಿದು ನುಡಿಸುವವರು. ಒಬ್ಬರ ಸ್ವರಕ್ಕೆ ಮಾಂಸದ ಮೆದು ಇದೆ, ಇನ್ನೊಬ್ಬರದ್ದಕ್ಕೆ ಅಂಚು ಇದೆ. ಹೆಡ್‌ಫೋನ್ ಹಾಕಿಕೊಂಡೇ ಕೇಳಿ. ಈ ಆಲ್ಬಮ್ಮಿನಲ್ಲಿ ಪಾಕೊ ಎಡಕಿವಿಗೆ, ಡಿ ಮಿಯೋಲ ಬಲಕ್ಕೆ, ಮೆಕ್‌ಲಾಫ್ಲಿನ್ ನಡುವಿಗೆ ಬರುವಂತೆ ಧ್ವನಿ ಹೊಂದಿಸಿದ್ದಾರೆ. ಇದು ಗೊತ್ತಾದ ಮೇಲೆ ಯಾರು ಕೇಳಿದರು, ಯಾರು ಉತ್ತರ ಕೊಟ್ಟರು ಅನ್ನುವುದು ಕತ್ತಲಲ್ಲೂ ತಿಳಿಯುತ್ತದೆ. ಮೊಬೈಲಿನ ಒಂದೇ ಸ್ಪೀಕರಿನಲ್ಲಿ ಕೇಳಿದರೆ ಮೂರು ಗಿಟಾರು ಕಲಸಿ ಒಂದು ಮುದ್ದೆಯಾಗುತ್ತದೆ, ಇದಕ್ಕಿಂತ ಅನ್ಯಾಯ ಇನ್ನಿಲ್ಲ.

ಮರುದಿನ, ಅಂದರೆ ಡಿಸೆಂಬರ್ 6ರ ಕಛೇರಿ ನಾಲ್ಕು ದಶಕ ಪೆಟ್ಟಿಗೆಯಲ್ಲಿದ್ದು 2022ರಲ್ಲಿ 'ಸ್ಯಾಟರ್‌ಡೇ ನೈಟ್ ಇನ್ ಸ್ಯಾನ್ ಫ್ರಾನ್ಸಿಸ್ಕೋ' ಎಂದು ಬಂತು. ಅದರಲ್ಲಿ ಒಬ್ಬೊಬ್ಬರೇ ನುಡಿಸಿದ್ದೂ ಇದೆ. ಶುಕ್ರವಾರದ್ದು ಹಿಡಿಸಿದವರು ಇದಕ್ಕೆ ಹೋಗಲಿ. ಇದನ್ನೇ ಮೊದಲು ಕೇಳಬೇಕಾಗಿಲ್ಲ.

ಶಕ್ತಿಗೆ ಹೋಲಿಸಿದರೆ ಇಲ್ಲಿ ಪೈಪೋಟಿ ಹೆಚ್ಚು, ವಿಶ್ರಾಂತಿ ಕಡಿಮೆ. ಚಪ್ಪಾಳೆಗಾಗಿ ನುಡಿಸಿದ ಕ್ಷಣಗಳಿವೆ. ಆದರೆ ಜನ ನಗುವುದು, ಕೂಗುವುದು, ಒಬ್ಬರು ಇನ್ನೊಬ್ಬರನ್ನು ಕೆಣಕುವುದು ಎಲ್ಲ ಹಾಗೇ ಉಳಿದಿದೆ. ಸುಧನ್ವ-ಅರ್ಜುನರ ಮಾತಿನ ಮೇಲಾಟ ಇಷ್ಟಪಡುವವರಿಗೆ ಇದು ಬೇಗ ಹತ್ತಿರವಾಗುತ್ತದೆ. ಗಿಟಾರ್ ಕಲಿಯುವ ಹುಡುಗ ಹುಡುಗಿಯರಿಗೆ, ಅದರಲ್ಲೂ ಮಾಮೂಲಿ ಮರದ ಗಿಟಾರ್ ಇರುವವರಿಗೆ, ನಾನು ಶಕ್ತಿಯನ್ನು ಬದಿಗಿಟ್ಟು ಇದನ್ನೇ ಮೊದಲು ಕೊಡುತ್ತೇನೆ. ತಮ್ಮ ಕೈಯಲ್ಲಿರುವ ವಾದ್ಯದಿಂದಲೇ ಇದೆಲ್ಲ ಹೊರಟಿದೆ ಅನ್ನುವುದು ಅವರಿಗೆ ಕಣ್ಣಿಗೆ ಕಟ್ಟುತ್ತದೆ.

ಎರಡನೆಯ ಶಕ್ತಿ: ಕೊಳಲೋ, ಮ್ಯಾಂಡೊಲಿನ್ನೋ

1997ರಲ್ಲಿ ಶಕ್ತಿಯ ನೆನಪಿಗೆಂದು ಇಂಗ್ಲೆಂಡಿನಲ್ಲಿ ನಡೆಸಿದ ಕಛೇರಿಗಳಲ್ಲಿ ಪಿಟೀಲಿನ ಜಾಗಕ್ಕೆ ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲು ಬಂತು. 1999ರಲ್ಲಿ 'ರಿಮೆಂಬರ್ ಶಕ್ತಿ' ಎಂದು ಎರಡು ಸಿ.ಡಿ.ಗಳಲ್ಲಿ ಬಿಡುಗಡೆಯಾಯಿತು. ಒಂದು ತುಣುಕು, 'ಮುಕ್ತಿ', ಒಂದು ಗಂಟೆ ದಾಟುತ್ತದೆ. ಮೊದಲ ಶಕ್ತಿಯಲ್ಲಿ ಇಲ್ಲದ ನಿಧಾನ, ವಿಸ್ತಾರ ಎಲ್ಲ ಇಲ್ಲಿದೆ. ಚಂದ್ರಕೌಂಸ್ ರಾಗವನ್ನು ಅರ್ಧ ಗಂಟೆ ಬಿಡಿಸಿದ್ದಾರೆ. ಹಿಂದೂಸ್ತಾನಿ ಕೇಳುವವರಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಆದರೆ ಮೆಕ್‌ಲಾಫ್ಲಿನ್ ಇಲ್ಲಿ ಅತಿ ವಿನಯದಿಂದ ಹಿಂದೆ ಸರಿದು ಕೂತಿದ್ದಾರೆ ಅಂತ ನನಗೆ ಪ್ರತಿ ಸಲವೂ ಅನ್ನಿಸುತ್ತದೆ. ಎಲೆಕ್ಟ್ರಿಕ್ ಗಿಟಾರನ್ನು ಕಡಿಮೆ ಧ್ವನಿಯಲ್ಲಿಟ್ಟು, ಕೊಳಲಿಗೆ ದಾರಿ ಬಿಟ್ಟು. ಅವರನ್ನೇ ಕೇಳಬೇಕೆಂದು ಬಂದವರಿಗೆ ಇದು ಸಾಲದು.

ಮುಂಬೈಯಲ್ಲಿ 2000ದ ಡಿಸೆಂಬರ್‌ನಲ್ಲಿ ನುಡಿಸಿದ 'ಸ್ಯಾಟರ್‌ಡೇ ನೈಟ್ ಇನ್ ಬಾಂಬೆ' ಬೇರೆಯದೇ ಲೋಕ. ಯು. ಶ್ರೀನಿವಾಸ್ ಮ್ಯಾಂಡೊಲಿನ್, ವಿ. ಸೆಲ್ವಗಣೇಶ್ ಖಂಜಿರ, ಶಂಕರ್ ಮಹಾದೇವನ್ ಹಾಡು, ಅತಿಥಿಯಾಗಿ ಶಿವಕುಮಾರ್ ಶರ್ಮಾ ಅವರ ಸಂತೂರ್, ಶಿವಮಣಿಯವರ ಡ್ರಮ್ಸ್. ಸೆಲ್ವಗಣೇಶ್ ಅಂದರೆ 1975ರ ಕಛೇರಿಯಲ್ಲಿ ಘಟ ನುಡಿಸಿದ ವಿನಾಯಕರಾಮ್ ಅವರ ಮಗ. ತಂದೆ ಕೂತ ಹಿಮ್ಮೇಳದಲ್ಲಿ ಮಗ ಬಂದು ಕೂರುವುದು ನಮ್ಮ ಮೇಳಗಳಿಗೆ ಹೊಸದಲ್ಲ. ಅದೇ ಭಾಗವತಿಕೆಯ ಕೆಳಗೆ ಎರಡು ತಲೆಮಾರು ದುಡಿದದ್ದನ್ನು ಇಲ್ಲೂ ಕೇಳಬಹುದು.

ಇದರಲ್ಲಿ ನಮ್ಮವರಿಗೆ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗುವ ತುಣುಕು 'ಗಿರಿರಾಜ್ ಸುಧಾ'. ಬಂಗಾಳ ರಾಗದ ತ್ಯಾಗರಾಜರ 'ಗಿರಿರಾಜ ಸುತಾ' ಕೃತಿ ಪಾಠ ಆದವರು ಪಲ್ಲವಿ ಬಂದ ಕೂಡಲೇ ಗುರುತು ಹಿಡಿಯುತ್ತಾರೆ. ಗೊತ್ತಿರುವ ಕೃತಿಯೊಳಗೆ ಗಿಟಾರು ಎಲ್ಲೆಲ್ಲಿ ಬೇರೆ ದಾರಿ ಹಿಡಿಯಿತು, ಎಲ್ಲಿ ಮತ್ತೆ ಬಂದು ಸೇರಿತು ಅನ್ನುವುದನ್ನು ಬೆರಳಿಟ್ಟು ತೋರಿಸಬಹುದು. ಜಾಝ್ ಅಂದರೆ ಏನು ಎಂದು ಸಂಗೀತ ಪಾಠದ ಮಕ್ಕಳು ಕೇಳಿದರೆ ವಿವರಣೆ ಕೊಡುವ ಬದಲು ಇದನ್ನು ಹಾಕುತ್ತೇನೆ. ಆಲ್ಬಂ ಪೂರ್ತಿಯಾಗಿ ನೋಡಿದರೆ ಅತಿಥಿಗಳು ಜಾಸ್ತಿ, ಹಬ್ಬದ ಮನೆಯ ಗದ್ದಲ ಜಾಸ್ತಿ. ಮೆಕ್‌ಲಾಫ್ಲಿನ್ ಮತ್ತು ಶ್ರೀನಿವಾಸ್ ಇಬ್ಬರೇ ಮುಖಾಮುಖಿಯಾಗುವ ಜಾಗಗಳಿಗಾಗಿ ನಾನು ಅದನ್ನು ಸಹಿಸಿಕೊಳ್ಳುತ್ತೇನೆ. ಶ್ರೀನಿವಾಸ್ 2014ರ ಸೆಪ್ಟೆಂಬರ್‌ನಲ್ಲಿ, 45ನೇ ವಯಸ್ಸಿಗೇ ಹೋಗಿಬಿಟ್ಟರು.

ಶಕ್ತಿಗೆ ಐವತ್ತು ತುಂಬಿದ ಸಂಭ್ರಮದ ಪ್ರವಾಸದಲ್ಲಿ ತಂಡ 2023ರ ಜನವರಿಯಲ್ಲಿ ಬೆಂಗಳೂರಿಗೂ ಬಂದಿತ್ತು. ಶಿವಮೊಗ್ಗದಿಂದ ರಾತ್ರಿ ಬಸ್ ಹತ್ತಿದ್ದರೆ ಬೆಳಗಾಗುವಷ್ಟರಲ್ಲಿ ಅಲ್ಲಿರುತ್ತಿದ್ದೆ. ಮನೆಯಲ್ಲಿ ಅಡಿಕೆ ಸುಲಿತ ನಡೆಯುತ್ತಿತ್ತು, ಹೋಗಲಿಲ್ಲ. ಮುಂದಿನ ಸಲ ನೋಡಿದರಾಯಿತು ಅಂದುಕೊಂಡೆ. 2024ರ ಡಿಸೆಂಬರ್ 15ರಂದು ಜಾಕಿರ್ ಹುಸೇನ್ ತೀರಿಕೊಂಡರು. ಮೆಕ್‌ಲಾಫ್ಲಿನ್-ಜಾಕಿರ್ ಜೋಡಿಯನ್ನು ಎದುರು ಕೂತು ಕೇಳುವ ಅವಕಾಶ ಇನ್ನು ಯಾರಿಗೂ ಇಲ್ಲ.

ಉಳಿದವು

ಮೃದಂಗ, ತಬಲಾ ಕಲಿಯುವವರು 1989ರ ನವೆಂಬರ್‌ನ 'ಲೈವ್ ಅಟ್ ದಿ ರಾಯಲ್ ಫೆಸ್ಟಿವಲ್ ಹಾಲ್' ಬಿಡಬಾರದು. ಗಿಟಾರ್, ಬಾಸ್, ತಾಳವಾದ್ಯ, ಮೂವರೇ. ತಾಳಕ್ಕೆ ಕೂತವರು ಮುಂಬೈನಲ್ಲಿ ಹುಟ್ಟಿದ ತ್ರಿಲೋಕ್ ಗುರ್ಟು, ಠುಮ್ರಿ ಗಾಯಕಿ ಶೋಭಾ ಗುರ್ಟು ಅವರ ಮಗ. ತಬಲಾ, ಡ್ರಮ್ಸ್, ಗಂಟೆಗಳು, ನೀರು ತುಂಬಿದ ಬಕೆಟ್ ಎಲ್ಲವನ್ನೂ ಸುತ್ತ ಇಟ್ಟುಕೊಂಡು ನುಡಿಸುವ ಮನುಷ್ಯ. ಕಡಿಮೆ ಜನ ಇರುವುದರಿಂದ ಗಿಟಾರಿಗೂ ಲಯಕ್ಕೂ ನಡುವಿನ ಮಾತು ನಿಚ್ಚಳವಾಗಿ ಕೇಳುತ್ತದೆ. ನನ್ನ ಮೂರನೆಯ ಆಯ್ಕೆ ಯಾವಾಗಲೂ ಇದೇ.

1993ರ ಟೋಕಿಯೊ ಕಛೇರಿಯಲ್ಲಿ ಜೋಯಿ ಡಿಫ್ರಾನ್ಸೆಸ್ಕೊ ಅವರ ಆರ್ಗನ್ ಇದೆ, ಹಳೆಯ ಜಾಝ್ ರುಚಿ ಇದ್ದವರಿಗೆ ಹಿಡಿಸುತ್ತದೆ. ಪಿಯಾನೋ ವಾದಕ ಚಿಕ್ ಕೊರಿಯಾ ಜೊತೆಗಿನ 'ಫೈವ್ ಪೀಸ್ ಬ್ಯಾಂಡ್ ಲೈವ್' 2010ರಲ್ಲಿ ಗ್ರ್ಯಾಮಿ ಪಡೆಯಿತು. ಮೈಲ್ಸ್ ಡೇವಿಸ್ ಅವರ ಗರಡಿಯಲ್ಲಿ ಒಟ್ಟಿಗೆ ಇದ್ದ ಇಬ್ಬರು ನಲವತ್ತು ವರ್ಷದ ಮೇಲೆ ಮತ್ತೆ ಸಿಕ್ಕಿದ್ದು. ಎರಡನ್ನೂ ಮೊದಲ ಹೆಜ್ಜೆಗೆ ಹೇಳಲಾರೆ.

2017ರ ಡಿಸೆಂಬರ್‌ನದ್ದು ಬೇರೆ. ಅಮೆರಿಕಕ್ಕೆ ವಿದಾಯ ಹೇಳಿದ ಪ್ರವಾಸದ ಕೊನೆಗೆ, ಮೂರು ಗಿಟಾರಿನ ಆ ಶುಕ್ರವಾರ ನಡೆದ ಅದೇ ವಾರ್‌ಫೀಲ್ಡ್ ಥಿಯೇಟರಿನಲ್ಲಿ, ಅಮೆರಿಕದ ಗಿಟಾರ್ ವಾದಕ ಜಿಮ್ಮಿ ಹೆರಿಂಗ್ ಅವರ ತಂಡವನ್ನೂ ತಮ್ಮ ತಂಡವನ್ನೂ ಕೂಡಿಸಿಕೊಂಡು 75ರ ಮನುಷ್ಯ ಮಹಾವಿಷ್ಣು ಕಾಲದ ರಚನೆಗಳನ್ನು ನುಡಿಸಿದ್ದಾರೆ. 'ಲೈವ್ ಇನ್ ಸ್ಯಾನ್ ಫ್ರಾನ್ಸಿಸ್ಕೋ' ಎಂದು 2018ರಲ್ಲಿ ಬಂತು. ಸೆಂಟ್ರಲ್ ಪಾರ್ಕಿನ ಆ ಗೋಡೆ ನನಗೆ ಕೊನೆಗೂ ತೆರೆದುಕೊಂಡದ್ದು ಇದರ ಮೂಲಕ. ಧ್ವನಿಮುದ್ರಣ ಸ್ವಚ್ಛವಾಗಿದೆ, ಒಂದೊಂದು ವಾದ್ಯವೂ ಅದರದರ ಜಾಗದಲ್ಲಿ ಕೇಳುತ್ತದೆ. ಮಹಾವಿಷ್ಣುವಿನಿಂದ ಹಿಂದೆ ಸರಿದವರು ಇದನ್ನು ಕೇಳಿ ಆಮೇಲೆ 1973ಕ್ಕೆ ವಾಪಸ್ ಹೋಗಲಿ.

ಕೇಳುವ ಜಾಗ, ಕೇಳುವ ಹೊತ್ತು

ನಮ್ಮ ಕಡೆ ಇದನ್ನೂ ಯೋಚಿಸಲೇಬೇಕು. ಹಂಚಿನ ಮೇಲೆ, ಅದಕ್ಕಿಂತ ಹೆಚ್ಚಾಗಿ ತಗಡಿನ ಮೇಲೆ ಮಳೆ ಬೀಳುವಾಗ ಘಟದ ಕೆಳಗಿನ ಧ್ವನಿ, ತಬಲಾದ ಬಾಯಾ, ಚೌರಾಸಿಯಾ ಅವರ ಕೊಳಲಿನ ಮಂದ್ರ ಯಾವುದೂ ಸ್ಪೀಕರಿನಲ್ಲಿ ಉಳಿಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಹೆಡ್‌ಫೋನ್ ಹಾಕಿಕೊಳ್ಳಿ, ಇಲ್ಲವೇ ಸ್ಯಾನ್ ಫ್ರಾನ್ಸಿಸ್ಕೋದ ಗಿಟಾರುಗಳನ್ನು ಕೇಳಿ, ಅವು ಮಳೆಗೆ ಎದುರು ನಿಲ್ಲುತ್ತವೆ. 'ಮುಕ್ತಿ'ಯಂಥದ್ದನ್ನು ಬೇಸಿಗೆಯ ರಾತ್ರಿಗೆ ಇಟ್ಟುಕೊಳ್ಳಿ. ಗಂಟೆಗಟ್ಟಲೆಯ ತುಣುಕು ನೆಟ್‌ವರ್ಕ್ ನೆಚ್ಚಿ ಶುರು ಮಾಡಬೇಡಿ, ನಡುವೆ ಕಡಿದರೆ ಏರಿದ ಕಾವು ಮತ್ತೆ ಬರುವುದಿಲ್ಲ. ಪೇಟೆಗೆ ಹೋದಾಗಲೇ ಇಳಿಸಿಕೊಂಡು ಬನ್ನಿ.

ಸುಲಿತದ ರಾತ್ರಿಗಳಲ್ಲಿ ನಾನು ಮುಂಬೈ ಕಛೇರಿ ಹಾಕಿ ನೋಡಿದ್ದೇನೆ. ಮೆಟ್ಟುಗತ್ತಿ ಮುಂದೆ ಕೂತ ಹೆಂಗಸರು 'ಗಿರಿರಾಜ್ ಸುಧಾ' ಹಾಡಿಗೆ ತಲೆದೂಗಿದರು, ತಾಳವಾದ್ಯಗಳು ಏರಿದಾಗ ಕೈ ತಾನಾಗಿ ಚುರುಕಾಯಿತು. ಗಿಟಾರ್ ಒಂದೇ ಬರುವ ಜಾಗಗಳಲ್ಲಿ ಮಾತು ಶುರುವಾಯಿತು. ಕೆಲಸದ ನಡುವೆ ಕೇಳುವುದಕ್ಕೆ ಇದು, ಒಬ್ಬರೇ ಕೂತು ಕೇಳುವುದಕ್ಕೆ 1975ರದ್ದು ಅನ್ನುವುದು ಅಲ್ಲಿಗೆ ನನಗೆ ಖಚಿತವಾಯಿತು.

ದೊಡ್ಡಪ್ಪನ ಮೊಮ್ಮಗಳು ಈಗ ಮೃದಂಗ ಕಲಿಯುತ್ತಿದ್ದಾಳೆ. ಅವಳಿಗೆ ಕಛೇರಿಗಳ ಜೊತೆಗೆ ಇನ್ನೊಂದನ್ನೂ ಹುಡುಕಿ ಕೊಟ್ಟೆ: ಮೆಕ್‌ಲಾಫ್ಲಿನ್ ಮತ್ತು ಸೆಲ್ವಗಣೇಶ್ ಕೂಡಿ 2007ರಲ್ಲಿ ಮಾಡಿದ 'ದಿ ಗೇಟ್‌ವೇ ಟು ರಿದಮ್' ಅನ್ನುವ ಡಿ.ವಿ.ಡಿ. ಕೊನ್ನಕೋಲಿನ ಪಾಠ ಅದು, ಬಾಯಲ್ಲಿ ತಕಧಿಮಿ ಹೇಳುತ್ತ ಕೈಯಲ್ಲಿ ತಾಳ ಹಾಕುವುದನ್ನು ಮೊದಲಿನಿಂದ ಹೇಳಿಕೊಡುತ್ತದೆ. ಅದನ್ನು ಎರಡು ವಾರ ನೋಡಿದ ಮೇಲೆ 'ಜಾಯ್' ಹಾಕಿ ಕೂತಳು. ಪಿಟೀಲು, ಗಿಟಾರು ನಿಲ್ಲುವ ಆ ಜಾಗ ಬರುವುದಕ್ಕೆ ಮುಂಚೆಯೇ ಅವಳ ಬೆರಳು ನಿಂತಿತ್ತು. ದೊಡ್ಡಪ್ಪ ಅದನ್ನು ನೋಡಿ, ಇನ್ನೊಮ್ಮೆ ಹಾಕು ಅಂದರು.